ಎಡಕ್ಕೆ ಬಿದ್ದ ಸೆರಗು

"ಅಜ್ಜಿ, ಆ ಕತ್ರಿ ಗುರ್ತು ಮುಟ್ಟಬ್ಯಾಡ್ರಿ. ಮುಟ್ಟಿದ್ರ ನಿಮ್ಮ ತಮ್ಮ ಎರಡು ಹೋಳಾಗ್ತಾನ."

ಶಾಹೀನ್ ಹೇಳಿ ಮುಗಿಸುವಷ್ಟರಲ್ಲಿ ನಾನು ಒತ್ತಿಯಾಗಿತ್ತು. ಕಂಪ್ಯೂಟರಿನ ಮೇಲೆ ನನ್ನ ತಮ್ಮ ಅಂದಾನೆಪ್ಪ ಎರಡು ತುಂಡಾದ. ಒಂದು ತುಂಡಿನಲ್ಲಿ ಸೀನಲು ಬಾಯಿ ತೆರೆದಿದ್ದ, ಇನ್ನೊಂದರಲ್ಲಿ ಸೀನಿಯಾಗಿತ್ತು.

"ಆಗ್ಲಿ ಬಿಡವಾ," ಅಂದೆ. "ಇಡೀಕ ಇದ್ದಾಗ ಏನ್ ಕಡದ್ ಗುಡ್ಡಿ ಹಾಕ್ಯಾನ."

ಬೇರೆ ದಿನವಾಗಿದ್ದರೆ ಶಾಹೀನ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ರಾಣೇಬೆನ್ನೂರಿನಲ್ಲಿ ಮದುವೆ ವಿಡಿಯೋ ಜೋಡಿಸುವ ಅಂಗಡಿ ಅವಳದು. ಹಾವೇರಿಯಿಂದ ಬಸ್ಸು ಹತ್ತಿ ಬಂದು ನಾನು ಈ ವಿದ್ಯೆ ಕಲಿಯತೊಡಗಿದಾಗಿನಿಂದ ಅವಳಿಗೆ ಟೀವಿಯೇ ಬೇಕಾಗಿಲ್ಲ. ಇವತ್ತು ಮಾತ್ರ ನಗಲಿಲ್ಲ.

"ಮೊದ್ಲ ಆ ಕಳವಿನ ತುಕಡಿ ನೋಡೂಣ್ರಿ," ಅಂದಳು. "ಪಾಪ, ಆ ಬಳಿಗಾರ್ತಿನ್ನ ಇವತ್ತ ಪೊಲೀಸ್ ಸ್ಟೇಷನ್ನಿಗೆ ಒಯ್ತಾರ ಅಂದ್ರಲ್ಲ."

ಹಿಂದಿನ ಕಂತು ಕೇಳದವರಿಗೆ ಒಂದೇ ಮಾತಿನಲ್ಲಿ ಹೇಳುತ್ತೇನೆ: ಬ್ಯಾಡಗಿಯಲ್ಲಿ ತಮ್ಮನ ಸೊಸೆ ಶೈಲಾ ಬಸುರಿ, ಅವಳ ಕುಬಸದ, ಅಂದರೆ ಸೀಮಂತದ ದಿನ ತಿಜೋರಿಯಲ್ಲಿದ್ದ ನಮ್ಮವ್ವನ ಬಂಗಾರದ ಬೋರಮಾಳ ಸರ ಮಾಯವಾಯಿತು, ಅವತ್ತು ನಾನು ತೆಗೆದು ಜೋಡಿಸಿದ ಸಿನಿಮಾದಲ್ಲೇ ಕಳ್ಳಿ ಸಿಕ್ಕಳು.

ಸಿಕ್ಕಿದ್ದು ಬೆನ್ನು ಮಾತ್ರ. ಮುಂದೆ ಶೈಲಾ ಮಣೆಯ ಮೇಲೆ ಕೂತು ಗಂಡ ಸುನೀಲನ ಬಾಯಿಗೆ ಹೋಳಿಗೆ ಇಡುತ್ತಿದ್ದಾಳೆ. ಹಿಂದೆ ಒಳಕೋಣೆಯ ಬಾಗಿಲು ಅರ್ಧ ತೆರೆದಿದೆ. ಅಲ್ಲಿ ತಲೆ ತುಂಬ ಸೆರಗು ಹೊದ್ದ ಒಬ್ಬಳು ತಿಜೋರಿಯ ಮುಂದೆ ನಿಂತು ಡಬ್ಬಿ ಇಳಿಸುತ್ತಾಳೆ. ಮುಖವಿಲ್ಲ. ಸೆರಗು ಎಡ ಹೆಗಲ ಮೇಲೆ.

ಸೆರಗು ಎಡಕ್ಕೆ ಎಂದ ಕೂಡಲೇ ಅಂದಾನೆಪ್ಪ ತೀರ್ಪು ಕೊಟ್ಟುಬಿಟ್ಟ. ನಮ್ಮ ಮನೆತನದ ಹೆಂಗಸರು ಶುಭಕಾರ್ಯಕ್ಕೆ ಬಲಸೆರಗು ಹಾಕುತ್ತೇವೆ. ಬೇರೆ ದಿನ ಚೂಡಿದಾರ ಹಾಕಲಿ, ನೈಟಿ ಹಾಕಿ ಪೇಟೆಗೇ ಹೋಗಲಿ, ಆ ದಿನ ಮಾತ್ರ ಇಳಕಲ್ ಸೀರೆ, ತಲೆ ಮೇಲಿಂದ ಬಲ ಹೆಗಲಿಗೆ ಸೆರಗು. ಹಾಗಾಗಿ ಕಳ್ಳಿ ಮನೆಯವಳಲ್ಲ. ಬಂದ ಬೀಗರು, ಓಣಿಯವರು ಎಲ್ಲ ಜಮಖಾನೆಯ ಮೇಲೆ ಕೂತದ್ದು ಚಿತ್ರದಲ್ಲೇ ಕಾಣುತ್ತದೆ. ಕಾಣದವಳು ಒಬ್ಬಳೇ: ಬಳೆ ತೊಡಿಸಲು ಬಂದಿದ್ದ ಬಳೆಗಾರ್ತಿ ಸೈದಾಬಿ.

ತಮ್ಮ ಆ ಬೆನ್ನನ್ನು ದೊಡ್ಡದು ಮಾಡಿ, ಸುತ್ತಲಿನದೆಲ್ಲ ಕತ್ತರಿಸಿ, ಫೋಟೋ ಮಾಡಿ ವಾಟ್ಸಾಪಿಗೆ ಬಿಟ್ಟ. ಅದು ಬ್ಯಾಡಗಿ ದಾಟಿ, ಹಾವೇರಿ ದಾಟಿ, ನನಗೆ ಗೊತ್ತಿದ್ದ ಮಟ್ಟಿಗೆ ಚಂದ್ರಲೋಕದವರೂ ನೋಡಿದ್ದಾರೆ.

ನಾನು ಆ ದಿನ ಫೋನು ಹಿಡಿದದ್ದು ಯಾಕೆ ಎಂದು ಕೆಲವರು ಕೇಳುತ್ತಾರೆ. ಆರತಿ ಮುತ್ತೈದೆಯರದು, ಉಡಿ ತುಂಬುವುದು ಮುತ್ತೈದೆಯರದು. ಗಂಡ ಸತ್ತವಳಿಗೆ ಮೂಲೆಯ ಕುರ್ಚಿ. ಕುರ್ಚಿಯಲ್ಲಿ ಸುಮ್ಮನೆ ಕೂರಲು ನನ್ನ ಜಾತಕದಲ್ಲಿ ಬರೆದಿಲ್ಲ. ಫೋನು ಹಿಡಿದೆ. ಆವತ್ತಿನಿಂದ ಮುತ್ತೈದೆಯರೆಲ್ಲ ನನ್ನ ಕಡೆಗೇ ತಿರುಗಿ ತಿರುಗಿ ನಗುತ್ತಿದ್ದಾರೆ.

"ಸುರುವಿನಿಂದ ಹಾಕವಾ," ಅಂದೆ. "ಯಾರು ಎದ್ದರು, ಯಾರು ಕುಂತರು, ನೋಡೂಣು."

ಶಾಹೀನ್ ಗೆರೆಯನ್ನು ಎಡತುದಿಗೆ ಎಳೆದಳು. ಈ ಸಾಫ್ಟ್‌ವೇರಿನಲ್ಲಿ ಚಿತ್ರದ ತುಂಡುಗಳೆಲ್ಲ ರೈಲಿನ ಡಬ್ಬಿಗಳ ಹಾಗೆ ಸಾಲಾಗಿ ನಿಂತಿರುತ್ತವೆ. ಮೊದಮೊದಲು ನಾನು ಡಬ್ಬಿ ಎಲ್ಲಿಂದಲೋ ಬಿಚ್ಚಿ ಎಲ್ಲಿಗೋ ಸಿಕ್ಕಿಸಿ, ಶೈಲಾಳಿಗೆ ಊಟ ಆದ ಮೇಲೆ ಮದುವೆ ಮಾಡಿಸಿದ್ದೆ.

ಹೋಳಿಗೆಯ ಡಬ್ಬಿ ಸುರುವಾಯಿತು. ತಮ್ಮನ ಹೆಂಡತಿ ಪುಷ್ಪಾವತಿ, ಮಗಳು ಅರುಣಾ, ಇಬ್ಬರೂ ಆರತಿ ತಟ್ಟೆ ಹಿಡಿದು ಶೈಲಾಳ ಮುಂದೆ ನಿಂತಿದ್ದಾರೆ. ಆರತಿ ಎತ್ತಿ, ಪಕ್ಕಕ್ಕೆ ಸರಿದು, ಚಿತ್ರದಿಂದ ಹೊರಗೆ ಹೋಗುತ್ತಾರೆ.

"ನಿಲ್ಲಸವಾ," ಅಂದೆ.

ನಿಲ್ಲಿಸಿದಳು.

ಕನ್ನಡಕ ಒರೆಸಿಕೊಂಡೆ. ಮತ್ತೆ ನೋಡಿದೆ. ಪುಷ್ಪಾವತಿಯ ಸೆರಗು ಎಡಕ್ಕೆ ಬಿದ್ದಿತ್ತು.

ಅರುಣಾಳದೂ ಎಡಕ್ಕೆ.

ಜಮಖಾನೆಯ ಮೇಲಿದ್ದ ಬೀಗಿತ್ತಿಯರು, ಹೈಸ್ಕೂಲಿನ ಟೀಚರಮ್ಮಂದಿರು, ಹುಟ್ಟಿದಾಗಿನಿಂದ ಬಲಸೆರಗು ಎಂದರೆ ಏನು ಎಂದು ಗೊತ್ತಿಲ್ಲದವರು, ಅವರೆಲ್ಲ ಬಲಸೆರಗು ಹಾಕಿಕೊಂಡು ನಮ್ಮವ್ವನ ಶಿಷ್ಯರ ಹಾಗೆ ಕೂತಿದ್ದರು.

"ಶಾಹೀನಾ, ಪುಷ್ಪಾವತಿ ಕುಬಸದ ದಿನ ಎಡಸೆರಗು ಹಾಕಿದ್ರ ಅವತ್ತ ತುಂಗಭದ್ರಾ ಹೊಳಿ ಹಿಂದಕ್ಕ ಹರೀತಿತ್ತು."

ಶಾಹೀನ್ ನನ್ನ ಮುಖ ನೋಡಿದಳು. ಆಮೇಲೆ ಪರದೆ ನೋಡಿದಳು. ಕುರ್ಚಿಯಲ್ಲಿ ಮುಂದಕ್ಕೆ ಬಂದಳು.

"ಅಜ್ಜಿ, ನೀವು ಈ ತುಕಡಿ ತಿರುವೀರೇನು?"

ತಿರುವಿದ್ದೆ. 

ಪುಷ್ಪಾವತಿಯೇ ಹೇಳಿದ್ದಳು. ಶೈಲಾ ಎಡಚಿ, ಗಂಡನಿಗೆ ಹೋಳಿಗೆ ಇಟ್ಟದ್ದು ಎಡಗೈಯಲ್ಲಿ. ಬೀಗರು ಸಿನಿಮಾ ನೋಡಿ ಆಡಿಕೊಂಡಾರು, ಏನಾದರೂ ಮಾಡಿ ಅದನ್ನು ಬಲಗೈ ಮಾಡಿರಿ ಎಂದು ಗಂಟುಬಿದ್ದಳು. ಶಾಹೀನ್ ಕಲಿಸಿದ್ದಳಲ್ಲ, ಎರಡು ಬಾಣದ ಗುರುತು ಒತ್ತಿದರೆ ಚಿತ್ರ ಎಡದ್ದು ಬಲ, ಬಲದ್ದು ಎಡ. ಒತ್ತಿದೆ. ಎಡಗೈ ಬಲಗೈ ಆಯಿತು. ನಾನು ವಿಶ್ವಕರ್ಮನಿಗೇ ಪಾಠ ಹೇಳುವಷ್ಟು ಬೀಗಿದೆ. ಕೈ ಒಂದೇ ತಿರುಗುವುದಿಲ್ಲ, ಇಡೀ ಮನೆಯೇ ತಿರುಗುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ನೋಡಿದ್ದು ತಮ್ಮ ಕತ್ತರಿಸಿ ಕಳಿಸಿದ ಬೆನ್ನನ್ನು.

"ಹಂಗಾರ ತಿಜೋರಿ ಮುಂದ ನಿಂತಾಕಿ..." ಶಾಹೀನ್ ಮಾತು ಅರ್ಧಕ್ಕೆ ಬಿಟ್ಟಳು.

"ಬಲಸೆರಗು," ಅಂದೆ. "ಸೈದಾಬಿ ಅಲ್ಲ."

"ಅಸಲಿ ವಿಡಿಯೋ ನಿಮ್ಮ ಫೋನಿನಾಗ ಐತಿಲ್ರಿ?"

ಇರಲಿಲ್ಲ. ಜಾಗ ತುಂಬಿತೆಂದು ಅಳಿಸಿದ್ದೆ. ಊರವರು ಕಳಿಸುವ ಗುಡ್ ಮಾರ್ನಿಂಗ್ ಗುಲಾಬಿ ಹೂಗಳೆಲ್ಲ ಹಾಗೇ ಇದ್ದವು, ಕುಬಸ ಹೋಗಿತ್ತು.

"ಮತ್ತ ಇದನ್ನ ಇನ್ನೊಮ್ಮೆ ತಿರುವಿದ್ರ ಸಾಕಲ್ಲ," ಅಂದೆ.

"ಸಾಕು. ಆದ್ರ ನಿಮ್ಮ ತಮ್ಮ ಏನಂತಾರ? ಆಕಿನ್ನ ಉಳಸಾಕ ಈಗ ತಿರುವೀರಿ ಅಂತಾರ."

ಸರಿಯಾದ ಮಾತು. ನನ್ನ ತಮ್ಮ ಸೂರ್ಯ ಮೂಡಿದರೂ ರಸೀದಿ ಕೇಳುವವನು.

ಶಾಹೀನ್ ಏನೋ ಹುಡುಕಿದಳು. ಬಾಗಿಲು ಬಾಗಿಲು ತೆರೆದ ಹಾಗೆ ಪರದೆಯ ಮೇಲೆ ಒಂದಾದ ಮೇಲೆ ಒಂದು ಡಬ್ಬಿ ತೆರೆದಳು. 

"ಅಜ್ಜಿ, ಸಾಫ್ಟ್‌ವೇರು ಅಸಲಿ ಮುಟ್ಟೂದಿಲ್ಲ," ಅಂದಳು. "ನೀವು ಕತ್ತರಸ್ರಿ, ತಿರುವ್ರಿ, ಬಣ್ಣಾ ಹಚ್ಚರಿ, ಅದು ಬರೇ ಮ್ಯಾಲಿನ ಆಟ. ಮೊದಲ್ನೇ ದಿನ ನಿಮ್ಮ ಫೋನಿಂದ ಇಲ್ಲಿಗೆ ಇಳಿಸಿಕೊಂಡಿದ್ದೆ. ಹೆಂಗ ಬಂದಿತ್ತೊ ಹಂಗ ಐತಿ ನೋಡ್ರಿ."

ಅಸಲಿ ತೆರೆಯಿತು. ಪುಷ್ಪಾವತಿಯ ಸೆರಗು ಬಲಕ್ಕೆ ಹೋಗಿ ಕೂತಿತು. ಶೈಲಾಳ ಹೋಳಿಗೆ ಎಡಗೈಗೆ ಬಂತು. ಟೀಚರಮ್ಮಂದಿರು ಟೀಚರಮ್ಮಂದಿರಾದರು. ಹಿಂದಿನ ಬಾಗಿಲಲ್ಲಿ, ತಿಜೋರಿಯ ಮುಂದೆ, ಬಲ ಹೆಗಲ ಮೇಲೆ ಸೆರಗು ಹೊದ್ದ ಬೆನ್ನು.

"ಖುಷಿ ಆಗಬೇಕಿಲ್ರಿ ನಿಮಗ?" ಶಾಹೀನ್ ಕೇಳಿದಳು.

"ಆಗೈತಿ. ಮುಖಕ್ಕ ಇನ್ನೂ ಸುದ್ದಿ ಮುಟ್ಟಿಲ್ಲ."

ಯಾಕೆ ಮುಟ್ಟಿಲ್ಲ ಎಂದರೆ, ಆ ದಿನ ಬಲಸೆರಗು ಹಾಕಿದವರು ನಾಲ್ಕೇ ಹೆಂಗಸರು. ನಾನು. ನನ್ನ ಕೈಯಲ್ಲಿ ಫೋನು ಇತ್ತು. ಶೈಲಾ. ಅವಳು ಚಿತ್ರದ ಮುಂದೆಯೇ ಕೂತಿದ್ದಾಳೆ. ಉಳಿದವರು ತಮ್ಮನ ಹೆಂಡತಿ, ತಮ್ಮನ ಮಗಳು.

ಶಾಹೀನ್ ಅಸಲಿಯನ್ನೂ ನನ್ನ ಸಿನಿಮಾವನ್ನೂ ಪೆನ್‌ಡ್ರೈವಿಗೆ ಹಾಕಿಕೊಟ್ಟಳು. ಅದನ್ನು ನನ್ನ ಎಲೆ ಅಡಿಕೆ ಚೀಲದಲ್ಲಿ, ಸುಣ್ಣದ ಡಬ್ಬಿಗೆ ತಾಗದ ಹಾಗೆ ಇಟ್ಟುಕೊಂಡು ಬ್ಯಾಡಗಿ ಬಸ್ಸು ಹತ್ತಿದೆ.

ಮೋಟೆಬೆನ್ನೂರು ದಾಟುವಾಗ ತಮ್ಮನ ಫೋನು ಬಂತು.

"ಅಕ್ಕಾ, ಸೈದಾಬಿನ್ನ ಮನಿಗೆ ಕರಿಸೇನಿ. ಊಟ ಮಾಡಿ ಸ್ಟೇಷನ್ನಿಗೆ ಹೊಂಟೇವಿ. ನೀನೂ ಬಾ. ವಿಡಿಯೋ ತಗದಾಕಿ ನೀನ, ಸಾಕ್ಷಿ ನೀನ."

"ಅನ್ನಕ್ಕ ಸಾರು ಹಾಕ್ಕೊಂಡಿಯೇನು?"

"ಇನ್ನೂ ಇಲ್ಲ."

"ಹಾಕ್ಕೊಬ್ಯಾಡ. ನಾ ಬರೂತನಕ ತಡಿ."

"ಯಾಕ?"

"ಬಂದು ಹೇಳ್ತೇನಿ," ಅಂದು ಫೋನು ಇಟ್ಟೆ. ಡ್ರೈವರನಿಗೆ ಇನ್ನೂ ಜೋರಾಗಿ ಓಡಿಸಪ್ಪ ಎಂದೆ. ಅವನು ನನ್ನ ವಯಸ್ಸು ನೋಡಿ, ಎಲ್ಲಿಗೆ ಅವಸರ ಅಜ್ಜಿ ಎಂದ. ಎಲ್ಲಿಗೆ ಎಂದು ಹೇಳಿದ್ದರೆ ಅವನು ಬ್ರೇಕನ್ನೇ ಮುಟ್ಟುತ್ತಿರಲಿಲ್ಲ.

ತಮ್ಮನದು ಮೆಣಸಿನಕಾಯಿ ದಲಾಲಿ. ಅವನ ಮನೆಗೆ ದಾರಿ ಕೇಳುವುದು ಬೇಡ, ಸೀನು ಹೆಚ್ಚಾದ ಕಡೆಗೆ ನಡೆದರೆ ಸಾಕು.

ಸೈದಾಬಿ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಒಳಗೆ ಬಾ ಎಂದವರಿಲ್ಲ. ಬಳೆಯ ಮಲಾರದ ಗಂಟು ಕಾಲ ಬಳಿ ಇತ್ತು, ಅದರ ಮೇಲೆ ಬಟ್ಟೆ ಮುಚ್ಚಿತ್ತು. ಈ ಮನೆಯ ಪ್ರತಿ ಹೆಣ್ಣಿನ ಮುಂಗೈಗೆ ಬಳೆ ಏರಿಸಿದವಳು ಅವಳು. ಅರುಣಾಳ ತೊಟ್ಟಿಲ ದಿನ ಬಳೆ ತೊಡಿಸಿದವಳು, ಪುಷ್ಪಾವತಿ ಮದುವಣಗಿತ್ತಿಯಾಗಿ ಬಂದಾಗ ಹಸಿರು ಬಳೆ ಇಟ್ಟವಳು.

"ಯಾವಾಗ ಬಂದಿ?"

"ಮುಂಜಾನೆ ಬಂದೇನ್ರಿ ಅಕ್ಕಾರ."

"ನೀರು ಕೊಟ್ಟಾರೇನು?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಿನ್ನಿ ಮೂರೂ ಓಣಿ ತಿರುಗೇನ್ರಿ. ಯಾರೂ ಕೈ ಚಾಚವಲ್ರು. ಬಾಗಿಲಾಗ ನಿಂತು, ಇವತ್ತ ಬ್ಯಾಡ ಅಂತಾರ. ನಾ ಬರೂದ ನೋಡಿ ಒಬ್ಬಾಕಿ ತಿಜೋರಿ ಕ್ವಾಣಿ ಬಾಗಿಲಾ ಹಾಕಿದ್ಲು. ನಂಗ ಕಾಣೂವಂಗ ಹಾಕಿದ್ಲು." ಮಲಾರದ ಮೇಲಿನ ಬಟ್ಟೆ ಸರಿಮಾಡಿದಳು. "ಬಳಿಗಾರ್ತಿಗೆ ಕೈ ಕೊಡಲಿಲ್ಲಾ ಅಂದ್ರ ಮುಗೀತ್ರಿ. ಸ್ಟೇಷನ್ನಿಗೆ ಒಯ್ದ್ರ ಏನಾಗ್ತೈತಿ, ಒಯ್ಯದಿದ್ರ ಏನಾಗ್ತೈತಿ."

"ಅವತ್ತ ಆ ಹೊತ್ತಿಗೆ ಎಲ್ಲಿದ್ದಿ ಅಂತ ಯಾಕ ಹೇಳ್ವಲ್ಲಿ?"

"ಹಿತ್ತಲಾಗ ಚಾ ಕುಡ್ಯಾಕತ್ತಿದ್ದೆ. ಒಬ್ಬಾಕಿನ ಇದ್ದೆ. ಚಾದ ಕಪ್ಪು ಸಾಕ್ಷಿ ಹೇಳ್ತೈತೇನ್ರಿ?"

"ಇವತ್ತ ಹೇಳ್ತೈತಿ, ನಡಿ ಒಳಗ," ಅಂದು ಅವಳ ರಟ್ಟೆ ಹಿಡಿದೆ. ನನ್ನ ಮಾತಿಗೆ ಅವಳು ಎದ್ದಳೋ, ನನ್ನ ಹಿಡಿತಕ್ಕೆ ಎದ್ದಳೋ ಗೊತ್ತಿಲ್ಲ.

ಪಡಸಾಲೆಯಲ್ಲಿ ಅಂದಾನೆಪ್ಪ ಹೊರಡಲು ತಯಾರಾಗಿ ಕೂತಿದ್ದ. ಇಸ್ತ್ರಿ ಅಂಗಿ. ಪಕ್ಕದಲ್ಲಿ ಪುಷ್ಪಾವತಿ. ಅರುಣಾ ಕಂಬಕ್ಕೆ ಆತು ನಿಂತಿದ್ದಳು, ಕುಬಸಕ್ಕೆ ಬಂದವಳು ಹಾವೇರಿಯ ಗಂಡನ ಮನೆಗೆ ಇನ್ನೂ ಮರಳಿರಲಿಲ್ಲ.

"ಆಕಿನ್ನ ಯಾಕ ಒಳಗ ತಂದಿ?" ತಮ್ಮ ಕೇಳಿದ.

"ಶೈಲಾ ಎಲ್ಲಿ?"

"ಒಳಕ್ವಾಣ್ಯಾಗ ಮಲಗ್ಯಾಳ. ಡಾಕ್ಟರು ವಿಶ್ರಾಂತಿ ಅಂದಾರ. ನಾಕ್ ಮಂದಿ ದನಿ ಎತ್ತಿ ಮಾತಾಡೂದು ಬ್ಯಾಡ," ಅಂದಳು ಪುಷ್ಪಾವತಿ, ದನಿ ಎತ್ತಿ.

"ಸುನೀಲ?"

"ಅಡತಿ ಅಂಗಡ್ಯಾಗ. ಅಕ್ಕಾ, ಏನೈತಿ ಹೇಳು. ಊಟ ತಣ್ಣಗಾಗಾಕತ್ತೈತಿ."

ನಾನು ಪೆನ್‌ಡ್ರೈವನ್ನು ಟೀವಿಗೆ ಚುಚ್ಚಿದೆ. ಎರಡು ಸಲ ತಪ್ಪು ತೂತಿಗೆ ಚುಚ್ಚಿದೆ, ಮೂರನೆಯದರಲ್ಲಿ ಕೂತಿತು. ಮೊದಲು ನನ್ನ ಸಿನಿಮಾ ಹಾಕಿದೆ. ಆರತಿ ಬಂದಾಗ ನಿಲ್ಲಿಸಿದೆ.

"ಅಂದಾನೆಪ್ಪ, ನಿನ್ನ ಹೇಂತಿನ್ನ ನೋಡು."

"ದಿನಾ ನೋಡ್ತೇನಿ."

"ಹಂಗ ನೋಡಿದ್ದಕ್ಕ ಹಿಂಗಾಗೈತಿ. ಸೆರಗು ನೋಡು."

ನೋಡಿದ. ನೋಡುತ್ತ ನೋಡುತ್ತ ಅವನ ಹುಬ್ಬು ಕೂಡಿತು. ಕಂಬದ ಬಳಿ ಅರುಣಾ ನೆಟ್ಟಗಾದಳು.

"ಇದೇನಿದು, ಎಡಕ್ಕೈತಿ."

"ನಿನ್ನ ಮಗಳದೂ ಎಡಕ್ಕೈತಿ. ಬೀಗಿತ್ತೇರದೆಲ್ಲ ಬಲಕ್ಕೈತಿ. ನಾ ಇದನ್ನ ತಿರುವಿ ಹಾಕೇನಿ. ಕನ್ನಡ್ಯಾಗ ಮುಖ ಕಂಡಂಗ, ಎಡದ್ದು ಬಲ, ಬಲದ್ದು ಎಡ. ನೀ ಫೋಟೋ ಮಾಡಿ ಊರಿಗೆಲ್ಲ ಹಂಚಿದ್ದು ಇದನ್ನ."

ಆಮೇಲೆ ಅಸಲಿ ಹಾಕಿದೆ. ಸೆರಗುಗಳು ತಮ್ಮ ತಮ್ಮ ಹೆಗಲಿಗೆ ಹೋದವು. ತಿಜೋರಿಯ ಬೆನ್ನು ಬಂತು. ಬಲ ಹೆಗಲ ಮೇಲೆ ಸೆರಗು ಹಾಯಾಗಿ ಬಿದ್ದಿತ್ತು.



"ಇದು ಅಸಲಿ ಅಂತ ಹೆಂಗ ನಂಬಲಿ?" ತಮ್ಮ ಅಂದ. "ಸೈದಾಬಿ ನಿನಗ ಬೇಕಾದಾಕಿ. ಈಗ ಬರೂಮುಂದ ತಿರುವಿಸಿಕೊಂಡು ಬಂದೀ."

"ನಿನ್ನ ಹೇಂತಿ ಕುಬಸದ ದಿನ ಎಡಸೆರಗು ಹಾಕಿದ್ಲು ಅಂತ ನೀ ಬಸವಣ್ಣನ ಗುಡಿ ಮುಂದ ನಿಂತು ಹೇಳು. ನಾ ಈ ಪೆನ್‌ಡ್ರೈವು ನುಂಗಿ ನೀರು ಕುಡೀತೇನಿ."

ಅವನು ಹೇಳಲಿಲ್ಲ. ನನ್ನ ತಮ್ಮ ಹಠಮಾರಿ, ಸುಳ್ಳುಗಾರನಲ್ಲ.

"ಅಕ್ಕಾರ," ಪುಷ್ಪಾವತಿ ನಡುವೆ ಬಾಯಿ ಹಾಕಿದಳು, "ನಿಮ್ಮ ವಿದ್ಯಾ ನಿಮಗ ಸರಿಯಾಗಿ ಬರೂದಿಲ್ಲ. ಏನೊ ಒತ್ತೀರಿ, ಏನೊ ಆಗೈತಿ. ಅದನ್ನ ತಂದು ನಮ್ಮ ಮನಿ ಮಾನ ಕಳಿಯಾಕತ್ತೇರಿ."

"ನಾನಾಗೇ ಒತ್ತಿಲ್ಲವಾ. ನೀ ಒತ್ತಸೀದಿ."

"ನಾ ಯಾವಾಗ ಹೇಳಿದೆ?"

ಇಲ್ಲಿ ಒಂದು ವಿಷಯ ಹೇಳಬೇಕು. ನನಗೆ ಓದುವುದೆಂದರೆ ಬಸ್ಸಿನ ಬೋರ್ಡು ಮಾತ್ರ, ಅದೂ ಬಸ್ಸು ನಿಂತಿದ್ದರೆ. ಹಾಗಾಗಿ ನನಗೆ ಯಾರೂ ಬರೆದು ಕಳಿಸುವುದಿಲ್ಲ, ಎಲ್ಲರೂ ಮಾತಾಡಿ ಕಳಿಸುತ್ತಾರೆ. ಗುಲಾಬಿ ಹೂವಿನ ನಡುವಿನಿಂದ ಪುಷ್ಪಾವತಿಯ ಮಾತು ಹುಡುಕಿ ತೆಗೆದೆ. ಫೋನನ್ನು ಟೀವಿಯ ಪಕ್ಕ ಎತ್ತಿ ಹಿಡಿದೆ.

ಅವಳದೇ ದನಿ ಪಡಸಾಲೆ ತುಂಬಿತು. "ಅಕ್ಕಾರ, ಆ ಹೋಳಿಗಿ ತಿನಸೂದು ಎಡಗೈಲೆ ಬಂದೈತಿ. ಬೀಗರ ಮುಂದ ತಲಿ ಎತ್ತದಂಗ ಆಗ್ತೈತಿ. ಅದನ್ನ ಬಲಗೈ ಮಾಡ್ರಿ. ಇವತ್ತ ಮಾಡ್ರಿ. ಮಾಡೇ ಯಾರಿಗಾರ ತೋರಸ್ರಿ."

ಅಂದಾನೆಪ್ಪ ಹೆಂಡತಿಯ ಕಡೆ ತಿರುಗಿದ. ಅವಳು ನೆಲ ನೋಡಿದಳು.

"ಹೇಳಿದ್ದೆ. ಎಡಗೈ ಕಂಡ್ರ ಚಲೋ ಅಲ್ಲಾ ಅಂತ ಹೇಳಿದ್ದೆ. ತಪ್ಪೇನೈತಿ?"

"ತಪ್ಪಿಲ್ಲ," ಅಂದೆ. "ಒಂದ ಕೇಳ್ತೇನಿ ಪುಷ್ಪಾ. ನೀ ಮುಚ್ಚಾಕ ಹೇಳಿದ್ದು ಎಡಗೈನೋ, ಬಲಸೆರಗೋ?"

ಅವಳ ಮುಖದ ರಕ್ತ ಇಳಿದದ್ದು ನನಗೆ ಕಂಡಿತು. ಸಿಟ್ಟಿಗೆ ಇಳಿಯಿತೋ, ಹೆದರಿಕೆಗೆ ಇಳಿಯಿತೋ, ಆಣೆ ಮಾಡಿ ಹೇಳಲಾರೆ.

"ಅಕ್ಕಾ," ತಮ್ಮ ಎದ್ದು ನಿಂತ. ದನಿ ಸಣ್ಣದಾಗಿತ್ತು, ಅದಕ್ಕೇ ನನಗೆ ಭಯವಾಯಿತು. "ನೀ ಏನ ಹೇಳಾಕತ್ತಿ ಅನ್ನೂದು ಗೊತ್ತೈತೇನು ನಿನಗ?"

"ಗೊತ್ತೈತಿ. ಬಸ್ಸಿನಾಗ ಕುಂತು ದಾರಿ ತುಂಬ ಬ್ಯಾರೆ ಏನಾರ ಸಿಗ್ತೈತೇನು ಅಂತ ಹುಡಿಕೇನಿ. ಸಿಗಲಿಲ್ಲಪ್ಪ. ಬಲಸೆರಗಿನವ್ರು ನಾಕ ಮಂದಿ. ನಾ ಫೋನ್ ಹಿಡದಿದ್ದೆ. ಶೈಲಾ ಅಲ್ಲೇ ಮುಂದ ಕುಂತಾಳ, ನೋಡು, ಹೋಳಿಗಿ ಕೈಯಾಗೈತಿ. ಒಬ್ಬಾಕಿ ಎರಡ ಕಡೆ ಇರಾಕ ಬರೂದಿಲ್ಲ."

"ಉಳದಾಕಿ ನನ್ನ ಹೇಂತಿ."

"ಇಲ್ಲಾ ನಿನ್ನ ಮಗಳು."

ಅರುಣಾ ಕಂಬ ಬಿಟ್ಟು ಬಂದು ನನ್ನ ಮುಂದೆ ನಿಂತಳು. ಚಿಕ್ಕವಳಿದ್ದಾಗ ನನ್ನ ತೊಡೆಯ ಮೇಲೆ ಮಲಗಿ ಕತೆ ಕೇಳಿದವಳು.

"ಅತ್ತಿ, ನೀವು ನನ್ನ ಕಳ್ಳಿ ಅಂತೀರೇನು?"

"ಅನ್ನಂಗಿಲ್ಲವಾ. ಎಲ್ಲಿದ್ದಿ ಅಂತ ಕೇಳ್ತೇನಿ."

"ಅಡಗಿ ಮನ್ಯಾಗಿದ್ದೆ. ಅವ್ವನ್ನ ಕೇಳ್ರಿ."

"ಪುಷ್ಪಾ?"

"ನಾನೂ ಅಡಗಿ ಮನ್ಯಾಗಿದ್ದೆ," ಅಂದಳು ಪುಷ್ಪಾವತಿ. ಆಮೇಲೆ ಮಗಳ ಮುಖ ನೋಡದೆ, "ಅರುಣಾ ಇದ್ದಂಗ ನೆನಪಿಲ್ಲ," ಎಂದಳು.

 ತಾಯಿ ಮಗಳ ನಡುವೆ ಅಷ್ಟು ಜಾಗ ಇರುವುದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಒಂದು ಎತ್ತಿನ ಗಾಡಿ ಹಾಯುವಷ್ಟಿತ್ತು.

ತಮ್ಮ ಕುರ್ಚಿಯಲ್ಲಿ ಕುಸಿದ. ಬೆಳಿಗ್ಗೆಯಿಂದ ಇಸ್ತ್ರಿ ಅಂಗಿ ಹಾಕಿ ಕೂತಿದ್ದವನು ಒಂದೇ ಗಳಿಗೆಯಲ್ಲಿ ನನಗಿಂತ ಹಿರಿಯನಾದ. ಬಾಗಿಲ ಬಳಿ ನಿಂತಿದ್ದ ಸೈದಾಬಿಯ ಕಡೆ ನೋಡಿದ.

"ಸೈದಾಬಿ, ಒಳಗ ಬಾ. ಕುಂದರ್ಬಾ. ನನ್ನಿಂದ..."  ನಮ್ಮ ಮನೆತನದ ಗಂಡಸರಿಗೆ ತಪ್ಪಾಯಿತೆಂಬ ಮಾತು ಹೊರಗೆ ಬರುವುದು ಹೆರಿಗೆಗಿಂತ ಕಷ್ಟ. "ನಾ ಎಲ್ಲಾರಿಗೂ ಫೋನ್ ಮಾಡಿ ಹೇಳ್ತೇನಿ. ಇವತ್ತ ಹೇಳ್ತೇನಿ. ನೀ ಅಲ್ಲಾ ಅಂತ."

ಸೈದಾಬಿಯ ಕಣ್ಣು ತುಂಬಿದವು. ಸೆರಗಿನಿಂದ ಒರೆಸಿಕೊಂಡು ಮುಂದೆ ಬಂದಳು. ಬಂದವಳು ಕುರ್ಚಿಗೆ ಬರಲಿಲ್ಲ, ಟೀವಿಯ ಬಳಿಗೆ ಹೋದಳು. ಅವಳ ಮೈಮೇಲೆ ಬಿದ್ದ ಹೊಲಸನ್ನು ಅವಳು ಒಮ್ಮೆ ಹತ್ತಿರದಿಂದ ನೋಡಲಿ ಎಂದು ನಾನೂ ಸುಮ್ಮನಿದ್ದೆ.

ತಮ್ಮ ಹಂಚಿದ ಫೋಟೋ ಹರಡಿ ಮಸುಕಾಗಿತ್ತು. ಟೀವಿಯಲ್ಲಿ ಅಸಲಿ ಚೊಕ್ಕವಾಗಿತ್ತು. ಡಬ್ಬಿ ಇಳಿಸಲು ಮೇಲೆತ್ತಿದ ಕೈ ಸೆರಗಿನಿಂದ ಹೊರಗೆ ಬಂದಿತ್ತು. ಮುಂಗೈಯ ಮೇಲೆ ಬಳೆಗಳು.

ಸೈದಾಬಿ ಆ ಬಳೆಗಳನ್ನು ನೋಡಿದಳು. ಬೆರಳು ಮುಂದೆ ಚಾಚಿ, ಮುಟ್ಟಬೇಕೆಂದು ಚಾಚಿ, ಹಿಂದೆ ತೆಗೆದುಕೊಂಡಳು. 

"ಏನಾತು?" ಅಂದೆ.

ಅವಳು ನನ್ನ ಕಡೆ ನೋಡಲಿಲ್ಲ. ಅಂದಾನೆಪ್ಪನ ಕಡೆ ತಿರುಗಿದಳು.

"ಅಣ್ಣಾರ, ಯಾರಿಗೂ ಫೋನ್ ಮಾಡಬ್ಯಾಡ್ರಿ. ನಡೀರಿ ಸ್ಟೇಷನ್ನಿಗೆ."

"ಏನಂದಿ?"

"ಬೋರಮಾಳ ತಗೊಂಡಾಕಿ ನಾನು. ಅವತ್ತ ನಾ ಬಲಸೆರಗು ಹಾಕ್ಕೊಂಡಿದ್ದೆ. ಹಂಗಂತ ಬರಸ್ರಿ."

ತಮ್ಮ ನನ್ನನ್ನು ನೋಡಿದ. ನಾನು ಸೈದಾಬಿಯ ಎರಡೂ ಭುಜ ಹಿಡಿದು ಅಲುಗಾಡಿಸಿದೆ.

"ಹುಚ್ಚೇನ ಹಿಡದೈತಿ ನಿನಗ? ಈಗ ಬಿಡುಗಡೆ ಆಗೇದಿ. ಊರಾಗ ಮತ್ತ ಕೈ ಚಾಚತಾರ. ನಾಳಿಂದ..."

"ಚಾಚೂದು ಬ್ಯಾಡ್ರಿ," ಅಂದಳು.  "ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೇನಿ, ಇದನ್ನ ಬಂದ್ ಮಾಡ್ರಿ. ತುಂಬಿದ ಬಸುರಿ ಇರೂ ಮನಿ ಐತಿ. ಇನ್ನ ನೋಡೂದು ಬ್ಯಾಡ, ಕೇಳೂದು ಬ್ಯಾಡ."

ನಾನು ಅವಳ ತಲೆಯ ಮೇಲಿಂದ ಟೀವಿಯನ್ನು ನೋಡಿದೆ.

ಆ ದಿನ ಬಂದ ಹೆಂಗಸರಿಗೆಲ್ಲ ಸೈದಾಬಿ ತೊಡಿಸಿದ್ದು ಕೆಂಪು ಬಳೆ. ಹಸಿರು ಬಳೆ, ಬಂಗಾರದ ಚುಕ್ಕೆಯದು, ಕುಬಸದವಳಿಗೆಂದು ಬೇರೆ ಕಟ್ಟಿ ತಂದಿದ್ದಳು. ಒಬ್ಬಳ ಕೈಗೆ ಮಾತ್ರ, ಒಳ್ಳೆಯದಾಗಲಿ ಎಂದು ಹರಸಿ, ತಾನೇ ಏರಿಸಿದ್ದಳು.

ತಿಜೋರಿಗೆ ಎತ್ತಿದ ಕೈಯಲ್ಲಿ ಹಸಿರು ಬಳೆಗಳಿದ್ದವು. ಚುಕ್ಕೆಗಳು ಮಿಂಚುತ್ತಿದ್ದವು. ಸೈದಾಬಿ ಕಳವನ್ನು ತನ್ನ ಮೇಲೆ ಎಳೆದುಕೊಂಡದ್ದು ಈ ಕೈಯನ್ನು ನೋಡಿ.

ಅದೇ ಚಿತ್ರದ ಮುಂದೆ, ಮಣೆಯ ಮೇಲೆ, ಶೈಲಾ ಗಂಡನ ಬಾಯಿಗೆ ಹೋಳಿಗೆ ಇಡುತ್ತಿದ್ದಳು.

 ಒಬ್ಬಳು ಎರಡು ಕಡೆ ಇರಲು ಬರುವುದಿಲ್ಲ ಎಂದು ಈಗಷ್ಟೇ ಹೇಳಿದವಳು ನಾನೇ.

ಆಗ ಒಳಕೋಣೆಯಿಂದ ಸದ್ದು ಬಂತು.

ಪಾತ್ರೆ ಬಿದ್ದ ಸದ್ದಲ್ಲ. ಬಾಗಿಲ ತೋಳಿಗೆ ಮುಂಗೈ ಬಡಿದು ಗಾಜಿನ ಬಳೆ ಒಡೆಯುವ ಸದ್ದು. ಒಂದು ಸಲ. ಮತ್ತೆ. ಮತ್ತೆ. ಆ ಸದ್ದಿನಲ್ಲಿ ನಾನು ಮೋಸಹೋಗುವುದಿಲ್ಲ. ಗಂಡನನ್ನು ಮಣ್ಣಿಗೆ ಕಳಿಸಿದ ದಿನ ನನ್ನ ಎರಡೂ ಕೈಯಿಂದ ಅದು ಬಂದಿತ್ತು.

ಪುಷ್ಪಾವತಿ ನನ್ನ ಬಲಕ್ಕೆ ನಿಂತಿದ್ದಳು. ಅರುಣಾ ನನ್ನ ಎಡಕ್ಕೆ. ಇಬ್ಬರ ಕೈಗಳೂ ನನ್ನ ಕಣ್ಣ ಮುಂದಿದ್ದವು.

"ಗಂಡ ಬದುಕಿರೂಮುಂದ," ಎಂದು ಪುಷ್ಪಾವತಿ ಬಾಯಿಯ ಮೇಲೆ ಸೆರಗು ಒತ್ತಿಕೊಂಡಳು.

"ಶೈಲಾ," ಎಂದು ನಾನು ಬಾಗಿಲಿಗೆ ಓಡಿದೆ. ಈ ಮೊಣಕಾಲಿನಲ್ಲಿ ಎಷ್ಟು ಓಡಬಹುದೋ ಅಷ್ಟು ಓಡಿದೆ. "ಶೈಲಾ, ಅವ್ವಾ, ಬಾಗಲಾ ತಗಿ."

ಕದದ ಕೆಳಗಿನಿಂದ ಒಂದು ಹಸಿರು ಚೂರು ಉರುಳಿ ನನ್ನ ಕಾಲಿಗೆ ಬಂದು ನಿಂತಿತು. ಅದರ ತುದಿ ಕೆಂಪಾಗಿತ್ತು.

ಒಳಗಿನಿಂದ ಚಿಲಕ ಬಿತ್ತು.